ಒಂದು ಸಂದೇಶಕ್ಕೆ ಇಪ್ಪತ್ತು ಸೆಕೆಂಡು

ಕೋಟ್ಯಂತರ ಜನ ಹರಟುವ ಡಿಸ್ಕಾರ್ಡ್ ಸೇವೆಯ ಎಂಜಿನಿಯರುಗಳು 2017ರಲ್ಲಿ ತಮ್ಮ ಅನುಭವವೊಂದನ್ನು ಬರೆದು ಪ್ರಕಟಿಸಿದರು. ಅವರ ಸಂದೇಶಗಳೆಲ್ಲ ಇದ್ದದ್ದು ಕ್ಯಾಸಂಡ್ರಾ ಡೇಟಾಬೇಸಿನಲ್ಲಿ: ಒಟ್ಟು 12 ಸರ್ವರು, ಪ್ರತಿ ಸಂದೇಶಕ್ಕೂ 3 ಪ್ರತಿ. ಸುಮಾರು ಆರು ತಿಂಗಳು ಎಲ್ಲವೂ ಸರಾಗವಾಗಿ ನಡೆಯಿತು. ಆಮೇಲೊಂದು ದಿನ ಡೇಟಾಬೇಸು ಮತ್ತೆ ಮತ್ತೆ ಹತ್ತು ಸೆಕೆಂಡು ಸ್ತಬ್ಧವಾಗತೊಡಗಿತು. ಹುಡುಕುತ್ತಾ ಹೋದಾಗ ತೆರೆಯಲು 20 ಸೆಕೆಂಡು ಹಿಡಿಯುತ್ತಿದ್ದ ಒಂದು ಚಾನೆಲ್ ಸಿಕ್ಕಿತು. ಅದರಲ್ಲಿದ್ದದ್ದು ಒಂದೇ ಒಂದು ಸಂದೇಶ!

ಕ್ವೆರಿ ನಿಧಾನವಾದ ಕೂಡಲೇ ಟೇಬಲ್ಲು ದೊಡ್ಡದಾಯಿತು ಎಂದು ದೂರುವುದು ರೂಢಿ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಕೈಗೆ ಬಂದ ಸಾಲುಗಳೆಷ್ಟು, ಅದಕ್ಕಾಗಿ ಡೇಟಾಬೇಸು ಓದಿದ್ದೆಷ್ಟು?

ಕ್ಯಾಸಂಡ್ರಾದಲ್ಲಿ ಒಂದು ಸಾಲು ಯಾವ ಸರ್ವರಿಗೆ ಹೋಗಬೇಕೆಂಬುದನ್ನು ಅದರ ಪಾರ್ಟಿಷನ್ ಕೀ ನಿರ್ಧರಿಸುತ್ತದೆ. ಕೀ ಕೊಟ್ಟು ಕೇಳಿದರೆ ಕ್ವೆರಿ ನೇರವಾಗಿ ಆ ದತ್ತಾಂಶವಿರುವ ಸರ್ವರುಗಳಿಗೇ ಹೋಗುತ್ತದೆ. ಟೇಬಲ್ಲಿನಲ್ಲಿ ನೂರು ಕೋಟಿ ಸಾಲಿದ್ದರೂ ಚಿಂತೆಯಿಲ್ಲ. ಕೀ ಇಲ್ಲದೆ, 'ಅಲೌ ಫಿಲ್ಟರಿಂಗ್' ಸೇರಿಸಿ ಕೇಳಿದರೆ, ವಿಳಾಸವಿಲ್ಲದ ಕಾಗದ ಹಿಡಿದು ಊರಿನ ಮನೆಮನೆಯ ಬಾಗಿಲು ತಟ್ಟಿದಂತಾಗುತ್ತದೆ. ಪರೀಕ್ಷೆಯ ಪುಟ್ಟ ಟೇಬಲ್ಲಿನಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಅದಕ್ಕೇ ಅದು ಅಪಾಯಕಾರಿ.

ಡಿಸ್ಕಾರ್ಡಿನವರು ಕೀಯನ್ನು ಸರಿಯಾಗಿಯೇ ಕೊಟ್ಟಿದ್ದರು. ತೊಂದರೆ ಇದ್ದದ್ದು ಅಳಿಸಿದ ಸಂದೇಶಗಳಲ್ಲಿ. ಕ್ಯಾಸಂಡ್ರಾ ಅಳಿಸಿದ ದತ್ತಾಂಶವನ್ನು ಒಡನೆಯೇ ಕಿತ್ತು ಹಾಕುವುದಿಲ್ಲ. 'ಇದು ಅಳಿದಿದೆ' ಎಂಬ ಗುರುತನ್ನು ಹೊಸದಾಗಿ ಬರೆದಿಡುತ್ತದೆ. ಇದಕ್ಕೆ ಟೂಂಬ್‌ಸ್ಟೋನ್ ಎಂದು ಹೆಸರು. ಅಳಿಸುವ ಹೊತ್ತಿಗೆ ಕೆಟ್ಟು ಕೂತಿದ್ದ ಸರ್ವರಿಗೂ ಸುದ್ದಿ ಮುಟ್ಟಲಿ ಎಂದು ಈ ಗುರುತು ಸಾಮಾನ್ಯ ಹೊಂದಿಕೆಯಲ್ಲಿ ಕನಿಷ್ಠ 8,64,000 ಸೆಕೆಂಡು, ಅಂದರೆ 10 ದಿನ, ಉಳಿಯುತ್ತದೆ. ಆ ಚಾನೆಲ್ಲಿನವರು ಲಕ್ಷಾಂತರ ಸಂದೇಶಗಳನ್ನು ಅಳಿಸಿದ್ದರು. ಉಳಿದ ಒಂದನ್ನು ತೋರಿಸಲು ಡೇಟಾಬೇಸು ಅಷ್ಟೂ ಗುರುತುಗಳನ್ನು ದಾಟಿ ಬರಬೇಕಿತ್ತು. ಮೆಮೊರಿ ತುಂಬಿ, ಅದನ್ನು ತೆರವು ಮಾಡಲು ಎಲ್ಲ ಕೆಲಸವೂ ನಿಲ್ಲುತ್ತಿತ್ತು.

ಪತ್ತೆಗೆ ಬೇಕಾದ ಸಲಕರಣೆ ಡೇಟಾಬೇಸಿನಲ್ಲೇ ಇದೆ. 'ಟ್ರೇಸಿಂಗ್ ಆನ್' ಎಂದು ಕೊಟ್ಟು ಕ್ವೆರಿ ಓಡಿಸಿದರೆ, ಅದು ಯಾವ ಸರ್ವರಿನಲ್ಲಿ ಎಷ್ಟು ಹೊತ್ತು ಕಳೆಯಿತು, ಜೀವಂತ ಸಾಲೆಷ್ಟು, ಟೂಂಬ್‌ಸ್ಟೋನ್ ಎಷ್ಟು ಎಂಬುದು ಹಂತಹಂತವಾಗಿ ಕಾಣುತ್ತದೆ. ಕ್ಯಾಸಂಡ್ರಾದ ಜೊತೆಗೇ ಬರುವ ನೋಡ್‌ಟೂಲಿನ ಟೇಬಲ್‌ಹಿಸ್ಟೋಗ್ರಾಮ್ಸ್ ಆಜ್ಞೆ ಪಾರ್ಟಿಷನ್ನುಗಳ, ಅಂದರೆ ಒಂದೇ ಕೀಯಡಿ ಸೇರಿದ ಸಾಲುಗಳ ಗುಂಪುಗಳ, ಗಾತ್ರ ಹೇಳುತ್ತದೆ, 100 ಎಂ.ಬಿ. ದಾಟಿದ್ದರೆ ಒಡೆಯುವ ದಾರಿ ನೋಡಬೇಕು. ಡಿಸ್ಕಾರ್ಡಿನವರು ಇದಕ್ಕೆಂದೇ ಚಾನೆಲ್ಲಿನ ಜೊತೆಗೆ ಹತ್ತು ದಿನಗಳ ಅವಧಿಯನ್ನೂ ಕೀಯಲ್ಲಿ ಸೇರಿಸಿದ್ದರು. ಲಾಗ್ ಫೈಲನ್ನೂ ಓದಿ: ಒಂದು ಕ್ವೆರಿ 1,000 ಟೂಂಬ್‌ಸ್ಟೋನ್ ದಾಟಿದರೆ ಅಲ್ಲಿ ಎಚ್ಚರಿಕೆ ಬಿದ್ದಿರುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ 1,00,000 ಮೀರಿದರೆ ಕ್ವೆರಿಯೇ ರದ್ದಾಗುತ್ತದೆ.

ಕೊನೆಗೆ ಡಿಸ್ಕಾರ್ಡಿನವರು ಗುರುತುಗಳ ಆಯಸ್ಸನ್ನು 2 ದಿನಕ್ಕೆ ಇಳಿಸಿದರು, ಖಾಲಿ ಅವಧಿಗಳನ್ನು ನೆನಪಿಟ್ಟುಕೊಂಡು ಬಿಟ್ಟುಬಿಡುವಂತೆ ಕೋಡ್ ತಿದ್ದಿದರು. ಹಾಗೆ ಇಳಿಸಲು ಅವರಿಗೆ ಸಾಧ್ಯವಾದದ್ದು ಪ್ರತಿ ರಾತ್ರಿ, ಸರ್ವರುಗಳಲ್ಲಿನ ಪ್ರತಿಗಳನ್ನು ಒಂದಕ್ಕೊಂದು ಸರಿಹೊಂದಿಸುವ 'ರಿಪೇರ್' ಓಡಿಸುತ್ತಿದ್ದುದರಿಂದ. ನೀವು ಅದನ್ನು ಓಡಿಸದೆ ಗುರುತುಗಳ ಆಯಸ್ಸನ್ನು ಮಾತ್ರ ಇಳಿಸಬೇಡಿ. ಸುದ್ದಿ ಮುಟ್ಟದ ಸರ್ವರಿನಿಂದ ಅಳಿಸಿದ ದತ್ತಾಂಶ ಮರಳಿ ಎದ್ದು ಬರುತ್ತದೆ.