ಮೈನ್‌ಕ್ರಾಫ್ಟ್‌ನಲ್ಲಿ ಮಕ್ಕಳು ಕಟ್ಟುವ ಊರು: ಅಲ್ಲಿ ಕೊಂಡ ಸೈಟು ನಿಜಕ್ಕೂ ಯಾರದ್ದು?

“ಗೇಮ್ ಒಳಗೆ ಈಗಲೇ ಜಾಗ ಹಿಡಿಯಿರಿ, ನಾಳೆ ಲಕ್ಷಕ್ಕೆ ಮಾರಬಹುದು” ಎನ್ನುವ ಧಾಟಿಯ ಮಾತು ಒಂದು ಗುಂಪಿನಲ್ಲಿ. “ಸರ್ಕಾರ ಆನ್‌ಲೈನ್ ಗೇಮ್‌ಗಳನ್ನೆಲ್ಲ ನಿಷೇಧಿಸಿದೆ, ಮಕ್ಕಳ ಫೋನ್‌ನಿಂದ ಕೂಡಲೇ ತೆಗೆಸಿ” ಎನ್ನುವ ಎಚ್ಚರಿಕೆ ಇನ್ನೊಂದು ಗುಂಪಿನಲ್ಲಿ. ಇಂತಹ ಹೊತ್ತಿನಲ್ಲಿ ಮನೆಯ ಮಗನೋ ಮಗಳೋ ಬಂದು “ನಾನು ಗೇಮ್‌ನಲ್ಲಿ ಒಂದು ಊರಿನ ಮೇಯರ್ ಆಗಿದ್ದೇನೆ, ಊರು ಉಳಿಸಿಕೊಳ್ಳಲು ಐನೂರು ರೂಪಾಯಿ ಬೇಕು” ಎಂದರೆ ಏನು ಹೇಳಬೇಕು? ಬೈಯುವ ಮೊದಲು, ಹಣ ಕಳಿಸುವ ಮೊದಲು, ಆ ಊರು ನಡೆಯುವುದು ಹೇಗೆ ಎಂದು ತಿಳಿದುಕೊಳ್ಳೋಣ.

ಏನಿದು ಆಟ, ಏನಿದು ಸರ್ವರ್?

ಮೈನ್‌ಕ್ರಾಫ್ಟ್ ಎಂಬುದು ಚೌಕಾಕಾರದ ಬ್ಲಾಕ್‌ಗಳನ್ನು ಅಗೆದು, ಜೋಡಿಸಿ ಕಟ್ಟುವ ಆಟ. ಸ್ವೀಡನ್ನಿನ ಮೊಜಾಂಗ್ ಕಂಪನಿ 2011ರ ನವೆಂಬರ್‌ನಲ್ಲಿ ಇದರ ಪೂರ್ಣ ಆವೃತ್ತಿಯನ್ನು ಹೊರತಂದಿತು. 2014ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು 250 ಕೋಟಿ ಡಾಲರ್‌ಗೆ ಕೊಂಡಿತು.

ಒಬ್ಬರೇ ಆಡಿದರೆ ನೀವು ಕಟ್ಟಿದ್ದು ನಿಮ್ಮ ಫೋನ್ ಅಥವಾ ಕಂಪ್ಯೂಟರ್‌ನಲ್ಲೇ ಇರುತ್ತದೆ. ಹಲವರು ಸೇರಿ ಆಡಬೇಕಾದರೆ ಆ ಲೋಕ ಸದಾ ಚಾಲೂ ಇರುವ ಬೇರೊಂದು ಕಂಪ್ಯೂಟರ್‌ನಲ್ಲಿ ಇರಬೇಕಾಗುತ್ತದೆ. ಅದೇ ಸರ್ವರ್. ಅದನ್ನು ನಡೆಸುವವರು ಯಾರು ಬೇಕಾದರೂ ಆಗಬಹುದು: ಒಂದು ಕಂಪನಿ, ಗೆಳೆಯರ ಗುಂಪು, ಕಾಲೇಜು ಓದುವ ಹುಡುಗ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಊರು ಹುಟ್ಟುವುದು ಹೇಗೆ?

ಇಂತಹ ಸರ್ವರ್‌ಗಳಲ್ಲಿ ಊರು ಕಟ್ಟಲು ಬಹಳ ಕಡೆ ಬಳಸುವ ತಂತ್ರಾಂಶದ ಹೆಸರು ‘ಟೌನಿ’. ಇದು ಮೂಲತಃ ಕಂಪ್ಯೂಟರ್‌ನ ‘ಜಾವಾ’ ಆವೃತ್ತಿಗಾಗಿ ಮಾಡಿದ್ದು. ಕೆಲವು ಸರ್ವರ್‌ಗಳು ‘ಗೈಸರ್’ ಎಂಬ ಇನ್ನೊಂದು ತಂತ್ರಾಂಶವನ್ನೂ ಜೋಡಿಸಿ ಫೋನ್‌ನಲ್ಲಿ ಆಡುವವರನ್ನೂ ಒಳಗೆ ಬಿಡುತ್ತವೆ.

ಒಂದು ಉದಾಹರಣೆ ನೋಡೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಾಲ್ವರು ಗೆಳೆಯರು ಒಂದು ಸರ್ವರ್ ಸೇರಿದರು ಎಂದುಕೊಳ್ಳಿ. ಆಟದೊಳಗೆ ಅಗೆದು, ಬೆಳೆದು, ಮಾರಿ ನಾಣ್ಯ ಕೂಡಿಸುತ್ತಾರೆ. ಸಾಕಷ್ಟು ಸೇರಿದ ಮೇಲೆ ಒಬ್ಬರು ಶುಲ್ಕ ಕಟ್ಟಿ ಊರು ಸ್ಥಾಪಿಸುತ್ತಾರೆ. ಸ್ಥಾಪಿಸಿದವರೇ ಮೇಯರ್. ಇಲ್ಲಿ ಚುನಾವಣೆ ಕಡ್ಡಾಯವಲ್ಲ.

ಜಾಗ ಅಳೆಯುವುದು 16 ಬ್ಲಾಕ್ ಉದ್ದ, 16 ಬ್ಲಾಕ್ ಅಗಲದ ತುಂಡುಗಳಲ್ಲಿ. ಒಂದು ಬ್ಲಾಕ್ ಎಂದರೆ ಆಟದ ಲೆಕ್ಕದಲ್ಲಿ ಒಂದು ಮೀಟರ್. ಹಾಗಾಗಿ ಒಂದು ತುಂಡು 256 ಚದರ ಮೀಟರ್. ನಮ್ಮ 30×40ರ ಎರಡು ಸೈಟು ಸೇರಿಸಿದರೂ ಇದಕ್ಕಿಂತ ಸ್ವಲ್ಪ ಕಡಿಮೆಯೇ. ಸಾಮಾನ್ಯವಾಗಿ ಹೊಸ ತುಂಡು ಹಳೆಯದಕ್ಕೆ ಅಂಟಿಕೊಂಡಿರಬೇಕು. ದೂರದಲ್ಲಿ ಜಾಗ ಬೇಕಾದರೆ ‘ಹೊರಠಾಣೆ’ ಎಂದು ಬೇರೆ ಶುಲ್ಕ ಕಟ್ಟಬೇಕು. ಹೊನ್ನಾಳಿಯಿಂದ ನ್ಯಾಮತಿ ಪ್ರತ್ಯೇಕ ತಾಲ್ಲೂಕಾದ ಹಾಗೆ ಗೆಳೆಯರಲ್ಲಿ ಒಬ್ಬರು ಬೇರೆ ಊರು ಮಾಡಿಕೊಳ್ಳಬಹುದು. ಆದರೆ ಹಳೆಯ ಊರು ಜಾಗ ಬಿಟ್ಟುಕೊಟ್ಟರಷ್ಟೇ ಅದೇ ಜಾಗ ಹೊಸ ಊರಿಗೆ ಸಿಗುತ್ತದೆ. ಬೇರೆಯಾದ ಊರುಗಳು ಬೇಕಿದ್ದರೆ ಒಂದು ‘ರಾಷ್ಟ್ರ’ದಡಿ ಒಟ್ಟಾಗಿಯೂ ಇರಬಹುದು.

ಕಂದಾಯ ಯಾಕೆ?

ಪಟ್ಟಣ ಪಂಚಾಯಿತಿಗೆ ನಾವು ಮನೆ ಕಂದಾಯ ಕಟ್ಟುತ್ತೇವಲ್ಲ, ಇಲ್ಲೂ ಹಾಗೆಯೇ. ಊರಿಗೊಂದು ಖಜಾನೆ ಇರುತ್ತದೆ. ಮೇಯರ್ ಹಾಕಿದ ತೆರಿಗೆ ಪ್ರತಿಯೊಬ್ಬ ನಿವಾಸಿಯ ಆಟದ ಖಾತೆಯಿಂದ ದಿನಕ್ಕೊಮ್ಮೆ ತಾನಾಗಿಯೇ ಕಡಿತವಾಗುತ್ತದೆ. ಖಾತೆ ಬರಿದಾಗಿದ್ದರೆ ಆ ನಿವಾಸಿ ಊರಿನಿಂದ ಹೊರಗೆ ಬೀಳುತ್ತಾನೆ. ಇನ್ನೊಂದೆಡೆ, ಊರು ಉಳಿಯಬೇಕಾದರೆ ಸರ್ವರ್‌ಗೆ ದಿನವೂ ‘ನಿರ್ವಹಣಾ ವೆಚ್ಚ’ ಕಟ್ಟಬೇಕು.

ನಿರ್ವಹಣೆಗೆ ದಿನಕ್ಕೆ 100 ನಾಣ್ಯ ಬೇಕು, ಎಂಟು ನಿವಾಸಿಗಳು ತಲಾ 10 ನಾಣ್ಯ ಕೊಡುತ್ತಾರೆ ಎಂದುಕೊಳ್ಳಿ. ಬರುವುದು 80, ಹೋಗುವುದು 100. ಖಜಾನೆಯಲ್ಲಿ 200 ನಾಣ್ಯ ಇದ್ದರೆ ಹತ್ತು ದಿನಕ್ಕೆ ಖಾಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಎಂದು ಮಕ್ಕಳು ಆಟ ಬಿಟ್ಟ ತಿಂಗಳಲ್ಲೇ ಹೀಗೆ ಊರು ಬಿದ್ದುಹೋಗಬಹುದು. ಬಿದ್ದ ಮೇಲೆ ಮನೆಗಳು ನಿಂತೇ ಇರುತ್ತವೆ, ಆದರೆ ರಕ್ಷಣೆ ಇರುವುದಿಲ್ಲ. ಸರ್ವರ್‌ನ ನಿಯಮದಂತೆ ಕೂಡಲೇ ಅಥವಾ ಕೆಲ ದಿನಗಳ ನಂತರ ಅದು ಕಾಡುಜಾಗ ಎನಿಸಿ, ಯಾರು ಬೇಕಾದರೂ ಒಡೆಯಬಹುದು. ಮಗು “ಊರು ಹೋಗುತ್ತದೆ” ಎಂದು ಅಳುವುದು ಸುಮ್ಮನೆ ಅಲ್ಲ. ಅದಕ್ಕೆ ಪರಿಹಾರ ನಮ್ಮ ಹಣವಲ್ಲ. ಖರ್ಚಿಗೆ ತಕ್ಕಷ್ಟೇ ಜಾಗ ಇಟ್ಟುಕೊಂಡು ಹೆಚ್ಚಿನದನ್ನು ಬಿಟ್ಟುಕೊಡುವುದು, ಪರೀಕ್ಷೆಗೆ ಮೊದಲೇ ಆಟದ ನಾಣ್ಯದಿಂದ ಖಜಾನೆ ತುಂಬಿಸುವುದು, ಇಲ್ಲವೇ ಬಿಡುವಿರುವ ಗೆಳೆಯರಿಗೆ ಮೇಯರ್ ಪಟ್ಟ ವಹಿಸುವುದು.

ಯಾರಿಗೆ ಏನು ಅಧಿಕಾರ?

ಕಟ್ಟುವುದು, ಒಡೆಯುವುದು, ಬಾಗಿಲು ತೆರೆಯುವುದು, ವಸ್ತು ಬಳಸುವುದು, ಈ ನಾಲ್ಕಕ್ಕೂ ಟೌನಿಯಲ್ಲಿ ಪ್ರತ್ಯೇಕ ಅನುಮತಿ ಉಂಟು. ನಿವಾಸಿಗೆ, ಮಿತ್ರರಿಗೆ, ಹೊರಗಿನವರಿಗೆ ಬೇರೆ ಬೇರೆಯಾಗಿ ಕೊಡಬಹುದು. ಬೆಂಕಿ ಹರಡುವುದು, ಸ್ಫೋಟ, ಆಟಗಾರರ ನಡುವಿನ ಹೊಡೆದಾಟವನ್ನೂ ಮೇಯರ್ ನಿಲ್ಲಿಸಬಹುದು. ಹೊರಗಿನವರಿಗೆ ಒಡೆಯುವ ಅನುಮತಿ ತೆರೆದಿಟ್ಟು ಮಲಗಿದರೆ, ಬೆಳಿಗ್ಗೆ ಗೋಡೆ ಇಲ್ಲದಿದ್ದರೆ ಆಶ್ಚರ್ಯವಿಲ್ಲ. ಹೀಗೆ ನಂಬಿಕೆ, ಲೆಕ್ಕ, ಜಗಳ ಬಗೆಹರಿಸುವುದು ಇವನ್ನೆಲ್ಲ ಮಕ್ಕಳು ಇಲ್ಲಿ ನಿಜವಾಗಿಯೂ ಅಭ್ಯಾಸ ಮಾಡುತ್ತಾರೆ. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ 2012ರಿಂದ ಮೊಜಾಂಗ್ ಜೊತೆ ಸೇರಿ ‘ಬ್ಲಾಕ್ ಬೈ ಬ್ಲಾಕ್’ ಯೋಜನೆ ನಡೆಸಿ, ನೈರೋಬಿಯಂತಹ ನಗರಗಳ ಜನರಿಂದಲೇ ಈ ಆಟದಲ್ಲಿ ಸಾರ್ವಜನಿಕ ಜಾಗಗಳ ಮಾದರಿ ಮಾಡಿಸಿದೆ.

ಹಾಗಾದರೆ ಸೈಟು ಯಾರದ್ದು?

ನಿಮ್ಮ ಜಗಳೂರಿನ ಸೈಟಿಗೆ ನೋಂದಣಿ ಇದೆ, ಖಾತೆ ಇದೆ, ವಿವಾದವಾದರೆ ನ್ಯಾಯಾಲಯ ಇದೆ. ಗೇಮ್‌ನ ಸೈಟು ಬೇರೊಬ್ಬರ ಕಂಪ್ಯೂಟರ್‌ನಲ್ಲಿರುವ ಒಂದು ದಾಖಲೆ ಮಾತ್ರ. ಸರ್ವರ್ ನಡೆಸುವವರು ಬಾಡಿಗೆ ಕಟ್ಟದೆ ನಿಲ್ಲಿಸಿದರೆ, ಲೋಕವನ್ನೇ ಅಳಿಸಿ ಹೊಸದಾಗಿ ಶುರುಮಾಡಿದರೆ, ನಿಮ್ಮ ಮಗುವಿನ ಖಾತೆಯನ್ನು ತಡೆಹಿಡಿದರೆ ಊರೂ ಇಲ್ಲ, ಮೇಯರ್ ಪಟ್ಟವೂ ಇಲ್ಲ. ‘ಆಟಗಾರರ ಒಡೆತನ’ ಎಂಬುದು ಆಟದ ನಿಯಮದೊಳಗಿನ ಮಾತು, ಆಸ್ತಿಯ ಒಡೆತನವಲ್ಲ.

ಲಕ್ಷಕ್ಕೆ ಮಾರಬಹುದೇ?

‘ಎನ್‌ಎಫ್‌ಟಿ ವರ್ಲ್ಡ್ಸ್’ ಎಂಬ ಯೋಜನೆ ಮೈನ್‌ಕ್ರಾಫ್ಟ್ ಆಧಾರದ 10,000 ಲೋಕಗಳನ್ನು ಡಿಜಿಟಲ್ ಆಸ್ತಿ ಎಂದು ಮಾರುಕಟ್ಟೆಗೆ ಬಿಟ್ಟಿತ್ತು. 2022ರ ಜುಲೈನಲ್ಲಿ ಮೊಜಾಂಗ್, ತನ್ನ ಆಟದಲ್ಲಾಗಲಿ ಸರ್ವರ್‌ಗಳಲ್ಲಾಗಲಿ ಎನ್‌ಎಫ್‌ಟಿ ಮತ್ತು ಬ್ಲಾಕ್‌ಚೈನ್ ಜೋಡಣೆಗೆ ಅವಕಾಶವಿಲ್ಲ ಎಂದು ಪ್ರಕಟಿಸಿತು. ಕೂಡಲೇ ಆ ಯೋಜನೆಯ ಟೋಕನ್ ಬೆಲೆ ಕುಸಿಯಿತು. ಇಲ್ಲಿ ಜಾಗಕ್ಕೆ ಬೆಲೆ ಬರುವುದೂ ಹೋಗುವುದೂ ಬೇರೆಯವರ ಒಂದು ತೀರ್ಮಾನದ ಮೇಲೆ ನಿಂತಿದೆ. ಲಕ್ಷದ ಮಾತು ನಂಬಬೇಡಿ.

ಸರ್ಕಾರ ನಿಷೇಧಿಸಿದೆಯೇ?

ಇಲ್ಲ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ರಂದು. ಅದು ನಿಷೇಧಿಸುವುದು ಹಣ ಕಟ್ಟಿ ಹಣ ಗೆಲ್ಲುವ ಆಸೆಯಲ್ಲಿ ಆಡುವ ಆಟಗಳನ್ನು. ಇ-ಸ್ಪೋರ್ಟ್ಸ್ ಮತ್ತು ಮನರಂಜನೆ, ಕಲಿಕೆಗಾಗಿ ಇರುವ ಸಾಮಾಜಿಕ ಆಟಗಳನ್ನು ಕಾಯ್ದೆ ಬೇರೆಯಾಗಿಯೇ ಗುರುತಿಸುತ್ತದೆ. ಬ್ಲಾಕ್ ಜೋಡಿಸಿ ಊರು ಕಟ್ಟುವುದು ಅಪರಾಧವಲ್ಲ. ಆದರೆ ಯಾವುದಾದರೂ ಸರ್ವರ್ “ರೂಪಾಯಿ ಹಾಕಿ, ಗೆದ್ದರೆ ದುಪ್ಪಟ್ಟು” ಎಂದರೆ ಅದರಿಂದ ದೂರವಿರಿ.

ಮನೆಯಲ್ಲಿ ಏನು ಮಾಡಬೇಕು?

• ಸೈಟು, ಮೇಯರ್ ಪಟ್ಟ, ನಾಣ್ಯಕ್ಕಾಗಿ ಅಪರಿಚಿತರ ಯುಪಿಐಗೆ ಹಣ ಕಳಿಸಬೇಡಿ. ದುಡ್ಡು ಕೊಟ್ಟವರಿಗೆ ಆಟದಲ್ಲಿ ಮೇಲುಗೈ ಕೊಡುವ ವಸ್ತು ಮಾರುವುದಕ್ಕೆ ಮೊಜಾಂಗ್‌ನ ನಿಯಮಗಳೂ ಮಿತಿ ಹಾಕಿವೆ.
• ಮಗುವಿನ ಖಾತೆಯನ್ನು ಮೈಕ್ರೋಸಾಫ್ಟ್‌ನ ಕುಟುಂಬ ವ್ಯವಸ್ಥೆಗೆ ಸೇರಿಸಿ. ಹಲವರೊಡನೆ ಆಡುವ ಮತ್ತು ಹರಟುವ ಅನುಮತಿ ನಿಮ್ಮ ಕೈಯಲ್ಲಿರುತ್ತದೆ.
• ಊರು, ಶಾಲೆ, ಫೋನ್ ನಂಬರ್, ಓಟಿಪಿ, ಪಾಸ್‌ವರ್ಡ್ ಯಾರಿಗೂ ಹೇಳಬಾರದೆಂದು ಮಕ್ಕಳಿಗೆ ತಿಳಿಸಿ.
• ಸ್ವಂತ ಸರ್ವರ್ ನಡೆಸುತ್ತಿದ್ದರೆ ವಾರಕ್ಕೊಮ್ಮೆಯಾದರೂ ಲೋಕದ ಪ್ರತಿ ತೆಗೆದಿಡಲಿ. ಬೇರೆಯವರ ಸರ್ವರ್ ಆದರೆ ಕಟ್ಟಿದ್ದರ ಚಿತ್ರವಾದರೂ ಉಳಿಸಿಕೊಳ್ಳಲಿ.
• ಮೋಸದಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಟ್ಟರೆ ಆ ಗಂಟೆಗಳೇ ಕಳೆದುಹೋಗುತ್ತವೆ.

ಮಗು ಮೇಯರ್ ಆಗಿದ್ದರೆ ಒಮ್ಮೆ ಪಕ್ಕದಲ್ಲಿ ಕೂತು “ಖಜಾನೆಯಲ್ಲಿ ಎಷ್ಟಿದೆ? ದಿನಕ್ಕೆ ಎಷ್ಟು ಹೋಗುತ್ತದೆ? ಈ ಸರ್ವರ್ ಯಾರದ್ದು?” ಎಂದು ಕೇಳಿ. ಈ ಮೂರನ್ನು ವಿವರಿಸಬಲ್ಲ ಮಗುವನ್ನು “ಲಕ್ಷ ಬರುತ್ತದೆ” ಎಂದು ಯಾರೂ ಸುಲಭವಾಗಿ ನಂಬಿಸಲಾರರು.