ಬುದ್ಧಿ ಹೇಳುವವರು ಬೀದಿಗೊಬ್ಬರು, ಕೇಳಿಸಿಕೊಳ್ಳುವವರು ಎಲ್ಲಿ?

ಬಳ್ಳಾರಿ: ಮೊನ್ನೆ ಬೆಂಗಳೂರು ರೋಡಿನ ಕಿರಾಣಿ ಅಂಗಡಿಯ ಸಾವ್ಕಾರರೊಬ್ಬರಿಗೆ "ಈ ವಾರ ಕೌನ್ಸೆಲಿಂಗ್ ಬಗ್ಗೆ ಬರೀತೀನ್ರಿ" ಅಂದೆ. ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ "ಯಾವುದಪ್ಪ? ಸಿಇಟಿ ಸೀಟಿಂದಾ, ಮೇಷ್ಟ್ರ ವರ್ಗಾವಣೆದಾ?" ಅಂತ ಕೇಳಿದರು.

ಅವರದೇನೂ ತಪ್ಪಿಲ್ಲ. ನಮ್ಮ ರಾಜ್ಯದಲ್ಲಿ ಕೌನ್ಸೆಲಿಂಗ್ ಅಂದರೆ ಸೀಟು ಹಂಚುವುದು, ಇಲ್ಲವೇ ಮೇಷ್ಟ್ರಿಗೆ ಊರು ಹಂಚುವುದು. ಮನಸ್ಸಿನ ಭಾರ ಇಳಿಸಿಕೊಳ್ಳಲು ಬಂದವರ ಮಾತನ್ನು ಕೂತು ಕೇಳುವುದಕ್ಕೂ ಅದೇ ಹೆಸರಿದೆ, ಅದನ್ನೇ ಹೊಟ್ಟೆಪಾಡಾಗಿ ಮಾಡುವ ಜನ ನಮ್ಮ ಜಿಲ್ಲೆಯಲ್ಲೂ ಇದ್ದಾರೆ ಎನ್ನುವುದು ಎಷ್ಟು ಜನಕ್ಕೆ ಗೊತ್ತು?

ಇದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್ಐವಿ ರಕ್ತ ಪರೀಕ್ಷೆಗೆ ಮೊದಲು ಒಮ್ಮೆ, ಫಲಿತಾಂಶ ಬಂದ ಮೇಲೆ ಒಮ್ಮೆ ಬಾಗಿಲು ಹಾಕಿಕೊಂಡು ಮಾತಾಡುವವರು ಕೌನ್ಸೆಲರ್. ಹದಿಹರೆಯದ ಮಕ್ಕಳ ಸ್ನೇಹ ಕ್ಲಿನಿಕ್ಕಿನಲ್ಲಿ ಕೂತವರು ಕೌನ್ಸೆಲರ್. ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಸಖಿ ಕೇಂದ್ರದಲ್ಲಿ ಮೊದಲು ನೀರು ಕೊಟ್ಟು ಕೂರಿಸುವವರಲ್ಲಿ ಒಬ್ಬರು ಕೌನ್ಸೆಲರ್. ಗಂಡ ಹೆಂಡತಿ ವ್ಯಾಜ್ಯಕ್ಕೆಂದೇ ಇರುವ ಕೌಟುಂಬಿಕ ನ್ಯಾಯಾಲಯಗಳಲ್ಲೂ ಕೌನ್ಸೆಲರ್ ಇರಬೇಕೆಂದು 1984ರ ಕಾಯಿದೆಯಲ್ಲೇ ಬರೆದಿದೆ.

ಸರಿ, ಇವರೆಲ್ಲ ನಮ್ಮ ಮಾತು ಕೇಳುತ್ತಾರೆ. ಇವರ ಮಾತು ಕೇಳುವವರು ಯಾರು? ಇವರಿಗೆ ಕೆಲಸ ಕಲಿಸಿದವರು ಯಾರು? ತಪ್ಪಿದರೆ ತಿದ್ದುವ ಹಿರಿಯರು ಯಾರು? ಈ ವಾರದ ಸಮಾಚಾರ ಅದೇ.

ಹದಿನಾಲ್ಕು ವರ್ಷ, ಅದೇ ಕುರ್ಚಿ

ಆಸ್ಪತ್ರೆಯ ಕಾರಿಡಾರಿನ ಕೊನೆಯ ಕೋಣೆ. ಒಂದು ಮೇಜು, ಮೂರು ಕುರ್ಚಿ, ಸದ್ದು ಮಾಡುವ ಫ್ಯಾನು. ಅಲ್ಲಿ ಕೂರುವ ಅಕ್ಕನವರನ್ನು ಕಂಡೆ. "ಹೆಸರು ಹಾಕಬೇಡ್ರಿ. ನಾವು ಗುತ್ತಿಗೆ ಮೇಲಿರೋರು" ಅಂದರು. ಹಾಕುವುದಿಲ್ಲ.

ಈಕೆ ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷ. ಬಂದಾಗ ಏನು ಹುದ್ದೆಯೋ ಈಗಲೂ ಅದೇ ಹುದ್ದೆ. ಗುಮಾಸ್ತನಾಗಿ ಸೇರಿದವನು ಸೂಪರಿಂಟೆಂಡೆಂಟ್ ಆಗಬಹುದು, ಕಾನ್‌ಸ್ಟೇಬಲ್ ಆದವನು ದಫೇದಾರ ಆಗಬಹುದು. ಕೌನ್ಸೆಲರ್ ಆಗಿ ಸೇರಿದವರು ಕೌನ್ಸೆಲರ್ ಆಗಿಯೇ ಮುಗಿಯಬೇಕು. ವರ್ಷ ವರ್ಷ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ.

"ದಿನಕ್ಕೆ ಇಪ್ಪತ್ತು ಜನ ಬರ್ತಾರ್ರಿ. ಒಬ್ಬರ ಕಣ್ಣೀರು ಒಣಗೋದ್ರಾಗ ಇನ್ನೊಬ್ಬರು ಬಾಗಿಲ ಹತ್ರ ನಿಂತಿರ್ತಾರೆ. ಸಂಜಿ ಮನೀಗ ಹೋಗಿ ಮಕ್ಕಳ ಮ್ಯಾಲೆ ಒದರ್ತಿದ್ದೆ. ನನಗ ಏನಾಗೇತಿ ಅಂತ ನನಗ ತಿಳೀವಲ್ದಾಗಿತ್ತು."

ಈ ಕೆಲಸದವರು ಹೊರಗೆ ಆಡುವಂತಿಲ್ಲ. ಕೇಳಿದ್ದನ್ನು ಗಂಡನಿಗೂ ಹೇಳುವ ಹಾಗಿಲ್ಲ. ಎಚ್ಐವಿ ವಿಷಯವಾದರೆ 2017ರ ಕಾಯಿದೆ ಪ್ರಕಾರ ಗುಟ್ಟು ಕಾಪಾಡಲೇಬೇಕು. ಮಾನಸಿಕ ಆರೋಗ್ಯ ಕಾಯಿದೆಯೂ 2017ರದ್ದೇ, ಅದರಲ್ಲೂ ರೋಗಿಯ ಗುಟ್ಟು ರೋಗಿಯ ಹಕ್ಕು. ಸರಿಯಾದ ಕಾನೂನೇ. ಆದರೆ ನಮ್ಮ ಗುಟ್ಟೆಲ್ಲ ತುಂಬಿಕೊಂಡ ಆ ಹೊಟ್ಟೆಯ ಗತಿ ಏನು?

ಎರಡನೇ ಶನಿವಾರದ ಚಹಾ

ನಾಲ್ಕು ವರ್ಷದ ಹಿಂದೆ ಅಕ್ಕನವರೇ ಒಂದು ಉಪಾಯ ಮಾಡಿದರು. ಯಾವ ಸುತ್ತೋಲೆಯೂ ಇಲ್ಲ, ಯಾರ ಆದೇಶವೂ ಇಲ್ಲ. ಬೇರೆ ಬೇರೆ ಇಲಾಖೆಯ ಕೌನ್ಸೆಲರುಗಳಿಗೆ ತಾವೇ ಫೋನು ಮಾಡಿ "ಎರಡನೇ ಶನಿವಾರ ನಮ್ಮನೀಗೆ ಚಾ ಕುಡಿಯಾಕ ಬರ್ರಿ" ಅಂದರು. ಮೊದಲ ಸಲ ಬಂದವರು ನಾಲ್ವರು. ಈಗ ಹನ್ನೊಂದು ಮಂದಿ. ಸಿರುಗುಪ್ಪದಿಂದ ಒಬ್ಬರು, ಸಂಡೂರಿನಿಂದ ಇಬ್ಬರು, ಎಲ್ಲ ಸ್ವಂತ ಖರ್ಚಿನ ಬಸ್ಸಿನಲ್ಲಿ.

ಕಳೆದ ತಿಂಗಳು ನನ್ನನ್ನೂ ಕೂರಿಸಿಕೊಂಡರು. ಕರಾರು ಮೂರು: ಹೆಸರು ಬರೆಯಬಾರದು, ಊರು ಬರೆಯಬಾರದು, ನಡುವೆ ಬಾಯಿ ಹಾಕಬಾರದು. ಪತ್ರಕರ್ತನಿಗೆ ಮೂರನೆಯದೇ ಕಷ್ಟ.

ಅಲ್ಲಿ ಭಾಷಣವಿಲ್ಲ, ಹಾರ ತುರಾಯಿ ಇಲ್ಲ. ಪ್ರತಿಯೊಬ್ಬರೂ ತಮ್ಮನ್ನು ಕಾಡಿದ ಒಂದು ಪ್ರಕರಣ ತರಬೇಕು. ಯಾರದೆಂದು ಗುರುತು ಸಿಗದ ಹಾಗೆ ಹೇಳಬೇಕು. ಮೊದಲ ಹತ್ತು ನಿಮಿಷ ಉಳಿದವರು ಬರೀ ಕೇಳಬೇಕು. "ನಾನಾಗಿದ್ರೆ ಹಿಂಗ್ ಮಾಡ್ತಿದ್ದೆ" ಎಂದು ಯಾರಾದರೂ ಶುರುಮಾಡಿದರೆ ಅಕ್ಕನವರು ಲೋಟ ಕುಟ್ಟುತ್ತಾರೆ!

ಅವತ್ತು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿಯ ಸರದಿ. ಏಟು ತಿಂದು ಬಂದ ಗೃಹಿಣಿಯೊಬ್ಬಳಿಗೆ ಈಕೆ "ಸ್ವಲ್ಪ ಹೊಂದ್ಕೊಂಡು ಹೋಗ್ರಮ್ಮ, ಮಕ್ಕಳ ಮುಖ ನೋಡ್ರಿ" ಅಂದುಬಿಟ್ಟಿದ್ದಳು. ಆ ಹೆಂಗಸು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಎದ್ದುಹೋದಳು. ಮತ್ತೆ ಬರಲಿಲ್ಲ.

"ನಮ್ಮವ್ವ ನನ್ನ ಅಕ್ಕನಿಗೆ ಹೇಳ್ತಿದ್ದ ಮಾತದು. ನನ್ನ ಬಾಯಾಗ ಹೆಂಗ್ ಬಂತೋ ಗೊತ್ತಿಲ್ಲ" ಎಂದು ಹುಡುಗಿ ಅತ್ತಳು.

ಯಾರೂ ಬೈಯಲಿಲ್ಲ. ಪರವಾಗಿಲ್ಲ ಬಿಡು ಅಂತಲೂ ಅನ್ನಲಿಲ್ಲ. ಅಕ್ಕನವರು ಕೇಳಿದ್ದು ಒಂದೇ ಮಾತು: "ಆಕಿ ಎದುರು ಕುಂತಾಗ ನಿನಗ ಏನು ಹೆದರಿಕಿ ಆತು?" ಆಮೇಲೆ ಇಬ್ಬರು ಎದ್ದು ಒಬ್ಬರು ಆ ಹೆಂಗಸಿನ ಹಾಗೆ, ಒಬ್ಬರು ಕೌನ್ಸೆಲರಿನ ಹಾಗೆ ಮಾತಾಡಿ ತೋರಿಸಿದರು. "ಮನೀಗ ಹೋದ್ರ ಜೀವಕ್ಕೆ ಅಪಾಯ ಐತೇನು?" ಎಂದು ಮೊದಲು ಕೇಳಬೇಕು. ಎಲ್ಲಿ ಉಳಿಯಬಹುದು, ಕಾನೂನಿನ ನೆರವು ಎಲ್ಲಿದೆ ತಿಳಿಸಬೇಕು. ತೀರ್ಮಾನ ಆಕೆಯದು. ಹುಡುಗಿ ಮೂರು ಸಲ ಅಭ್ಯಾಸ ಮಾಡಿದಳು. ಮೂರನೆಯ ಸಲ ಧ್ವನಿ ನಡುಗಲಿಲ್ಲ.

ಮತ್ತೆ ಬಾರದ ಆ ಹೆಂಗಸು ಈಗ ಎಲ್ಲಿದ್ದಾಳೋ. ಈ ಕಸುಬಿನಲ್ಲಿ ಕಲಿಕೆಯ ಬೆಲೆ ಕೊಡುವವರು ಎದುರು ಕೂತವರು. ಅದಕ್ಕೇ ಕಲಿಕೆ ಮೊದಲೇ ಆಗಬೇಕು, ಮೇಲೆ ನೋಡಿಕೊಳ್ಳುವವರು ಒಬ್ಬರು ಬೇಕು.

ದೇಶಕ್ಕೆ ದಾರಿ ತೋರಿಸಿದ ಜಿಲ್ಲೆ

ಓದುಗರೇ, ಇಲ್ಲಿ ನಾವು ನಾಚಿಕೆಪಡಬೇಕಾದ ಸಂಗತಿಯೊಂದಿದೆ. ಈ ಪಾಠವನ್ನು ದೇಶಕ್ಕೆ ಹೇಳಿಕೊಟ್ಟದ್ದೇ ಬಳ್ಳಾರಿ!

1970ರ ದಶಕದಲ್ಲಿ ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಒಂದು ಪ್ರಯೋಗ ಶುರುಮಾಡಿದರು. ಮನೋವೈದ್ಯರು ಇರುವುದೇ ಬೆರಳೆಣಿಕೆ, ಹಳ್ಳಿಗಳು ಲಕ್ಷಗಟ್ಟಲೆ. ಹಾಗಿದ್ದಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಹೇಗೆ? 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಲ್ಲಿ ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ಮಾಡಿ ನೋಡಲು ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು. ತರಬೇತಿ, ಬೇಕಾದ ನಾಲ್ಕಾರು ಔಷಧ, ಸರಳವಾದ ದಾಖಲೆ, ಮೇಲಿನವರ ಉಸ್ತುವಾರಿ - ಇಷ್ಟೇ ಅದರ ಗುಟ್ಟು. ಇದೇ "ಬಳ್ಳಾರಿ ಮಾದರಿ" ಆಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ ಅದೇ.

ಗಮನಿಸಿ, ತರಬೇತಿ ಕೊಟ್ಟು ಕೈಬಿಡುವುದು ಆ ಮಾದರಿಯಲ್ಲ. ಹಿಂದೆಯೇ ಉಸ್ತುವಾರಿಯೂ ಇತ್ತು. ಈಗಿನ ಕೌನ್ಸೆಲರುಗಳಿಗೆ ಕೊರತೆ ಬಿದ್ದಿರುವುದು ಅದೇ. ಸೇರಿದಾಗ ಒಂದಿಷ್ಟು ದಿನ ತರಬೇತಿ, ಆಮೇಲೆ ರಿಜಿಸ್ಟರಿನ ಲೆಕ್ಕ ಮಾತ್ರ. "ಎಷ್ಟು ಜನ ಬಂದ್ರು ಅಂತ ಕೇಳ್ತಾರ್ರಿ. ಏನು ಮಾತಾಡಿದಿ, ಸರಿ ಮಾತಾಡಿದಿ ಏನು ಅಂತ ಯಾರೂ ಕೇಳಲ್ಲ" ಎನ್ನುತ್ತಾರೆ ಅಕ್ಕನವರು.

ನೆರೆಯ ಗೋವಾದಲ್ಲಿ ಏನಾಯಿತು ನೋಡಿ. ಅಲ್ಲಿನ ಸಂಗಾತ್ ಸಂಸ್ಥೆಯವರು, ಮನೋವಿಜ್ಞಾನ ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಲು ಬಿಟ್ಟರು. ರೋಗಿಗಳಿಗೆ ಗುಣ ಕಂಡಿತು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅವರಲ್ಲೂ ಗುಂಪಾಗಿ ಕೂತು, ರೆಕಾರ್ಡ್ ಮಾಡಿಕೊಂಡ ಮಾತುಕತೆ ಕೇಳಿ, ಒಬ್ಬರಿಗೊಬ್ಬರು ಅಂಕ ಹಾಕಿ ತಿದ್ದಿಕೊಳ್ಳುವ ಪದ್ಧತಿ ಇತ್ತು. ನಮ್ಮ ಅಕ್ಕನವರು ಲ್ಯಾನ್ಸೆಟ್ ಓದಿಲ್ಲ. ಚಹಾ ಕಾಸಿ ಅದೇ ದಾರಿ ಹಿಡಿದಿದ್ದಾರೆ.

ಇನ್ನು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಹೆಸರು ಕನ್ನಡ ಓದುವವರಿಗೆಲ್ಲ ಗೊತ್ತು. ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ "ಸಮಾಧಾನ" ಕೇಂದ್ರ ನಡೆಸಿ ಸಾಮಾನ್ಯ ಜನರನ್ನೂ ಆಪ್ತ ಸಮಾಲೋಚನೆಗೆ ತಯಾರು ಮಾಡಿದರು. 2024ರಲ್ಲಿ ಪದ್ಮಶ್ರೀ ಬಂತು. ಮುಂದಾಳು ಅಂದರೆ ಹೀಗಿರಬೇಕು, ತನ್ನ ಹಿಂದೆ ಹತ್ತು ಜನರನ್ನು ನಿಲ್ಲಿಸುವವನು.

ಬೋರ್ಡಿಗೆ ಏನು ಬೇಕು?

ಪೇಟೆಯಲ್ಲಿ ಹೋಟೆಲ್ ಇಡಬೇಕಾದರೆ ಲೈಸೆನ್ಸು ಬೇಕು. ಎಂಬಿಬಿಎಸ್ ಡಾಕ್ಟರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿರಬೇಕು. ಆದರೆ "ಕೌನ್ಸೆಲರ್" ಅಂತ ಬೋರ್ಡು ಹಾಕಲು ಬಹಳ ಕಾಲ ಬೇಕಾದದ್ದು ಒಂದು ಬೋರ್ಡು ಮಾತ್ರ! ಎರಡು ಭಾನುವಾರದ ಶಿಬಿರ, ಒಂದು ಬಣ್ಣದ ಸರ್ಟಿಫಿಕೇಟು, ಶುರು.

2021ರಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಮಾಡಿತು. ಕೌನ್ಸೆಲರುಗಳೂ ಅದರಡಿ ಬರುತ್ತಾರೆ. ಏನು ಓದಿರಬೇಕು, ಪಟ್ಟಿಯಲ್ಲಿ ಹೆಸರು ಹೇಗೆ ಸೇರಬೇಕು ಎಂಬುದಕ್ಕೆಲ್ಲ ಒಂದು ಕಟ್ಟುಪಾಡು. 2025ರಲ್ಲಿ ಯುಜಿಸಿಯವರು ಮನೋವಿಜ್ಞಾನವೂ ಸೇರಿ ಈ ಕಾಯಿದೆಯಡಿ ಬರುವ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ನಡೆಸಕೂಡದು ಅಂದರು. ಒಳ್ಳೆಯದೇ. ಈಜು ಅಂಚೆಯಲ್ಲಿ ಕಲಿಯಲಾಗುವುದಿಲ್ಲ. ಆದರೆ ಸಿರುಗುಪ್ಪದಲ್ಲಿ ಸಂಬಳಕ್ಕೆ ದುಡಿಯುತ್ತ ಮೇಲಕ್ಕೆ ಓದಬೇಕೆನ್ನುವ ಹುಡುಗಿ ಕೆಲಸ ಬಿಟ್ಟು ಯಾವ ಕಾಲೇಜಿಗೆ ಹೋಗಬೇಕು? ಅದಕ್ಕೂ ಒಂದು ದಾರಿ ಹೇಳಬೇಕಲ್ಲವೇ?

ಅಲ್ಲಿಯವರೆಗೆ ನಾವೇ ಹುಷಾರಾಗಿರಬೇಕು. ದುಡ್ಡು ಕೊಟ್ಟು ಕೌನ್ಸೆಲರ್ ಬಳಿ ಹೋದರೆ ಸಂಕೋಚ ಬಿಟ್ಟು ಕೇಳಿ: ಏನು ಓದಿದ್ದೀರಿ? ಯಾರ ಕೈಕೆಳಗೆ ಕೆಲಸ ಕಲಿತಿರಿ? ನಾನು ಹೇಳಿದ್ದು ನಿಮ್ಮಲ್ಲೇ ಉಳಿಯುತ್ತದಾ? ಡಾಕ್ಟರ ಹತ್ತಿರ ಯಾವಾಗ ಕಳಿಸುತ್ತೀರಿ? ಸಿಡುಕಿದರೆ ಎದ್ದು ಬನ್ನಿ. ಒಂದೇ ಭೇಟಿಯಲ್ಲಿ ವಾಸಿ ಮಾಡುತ್ತೇನೆ ಅಂದರೂ ಎದ್ದು ಬನ್ನಿ.

ನನ್ನದೂ ಒಂದು ಮಾತು

ಇದನ್ನೆಲ್ಲ ನಾನು ಯಾಕೆ ಬರೆಯುತ್ತಿದ್ದೇನೆ? ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಆ ವರ್ಷ ಕಾಲೇಜಿಗೆ ಅಂತ ಹೊರಟು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಸಂಜೆ ಮನೆಗೆ ಹೋಗುತ್ತಿದ್ದೆ. ತಿಂಗಳುಗಟ್ಟಲೆ. ಬೈದವರು ಬಹಳ ಜನ. ಬುದ್ಧಿ ಹೇಳಿದವರು ಇನ್ನೂ ಬಹಳ ಜನ. "ಏನಾಗಿದೆಯೋ ನಿನಗೆ?" ಎಂದು ಕೇಳಿ, ಉತ್ತರ ಬರುವವರೆಗೆ ಕಾದವರು ಒಬ್ಬರೂ ಇರಲಿಲ್ಲ. ನನ್ನ ಕತೆ ಬಿಡಿ, ಪತ್ರಿಕೆಗೆ ಬಂದು ಬಿದ್ದೆ. ಇವತ್ತು ಅದೇ ಬೆಂಚಿನ ಮೇಲೆ ಕೂತ ಹುಡುಗರನ್ನು ನೋಡುತ್ತೇನೆ.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕುರುಗೋಡು ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿದ್ದೀರಾ? ಒಮ್ಮೆ ತಲೆ ಎತ್ತಿ ಎಣಿಸಿ. ಐವತ್ತು ಸೀಟಿಗೆ ಐದು ಮಂದಿ. ಹೇಳಿಕೊಳ್ಳಲು ಯಾರೂ ಇಲ್ಲ ಅನ್ನಿಸಿದರೆ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ದುಡ್ಡಿಲ್ಲ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಅಕ್ಕನವರ ಮನೆಯ ಸಭೆಗೂ ಕುತ್ತು ಬಂದಿದೆ. ಮನೆ ಮಾಲೀಕರು ಜಾಗ ಖಾಲಿ ಮಾಡಿ ಅಂದಿದ್ದಾರೆ. ಹೊಸ ಮನೆಯಲ್ಲಿ ಹನ್ನೊಂದು ಜನ ಕೂರಲು ಜಾಗ ಇಲ್ಲ. ಅವರು ಕೇಳುತ್ತಿರುವುದು ಬಂಗಲೆಯಲ್ಲ. ತಿಂಗಳಿಗೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಸರ್ಕಾರಿ ಕೋಣೆ, ದೂರದಿಂದ ಬರುವವರಿಗೆ ಬಸ್ ಚಾರ್ಜು, ಮೂರು ತಿಂಗಳಿಗೊಮ್ಮೆ ತಿದ್ದಿ ಹೇಳಲು ಒಬ್ಬ ಮನೋವೈದ್ಯರು. ಹಳಬರಿಗೆ "ಹಿರಿಯ ಕೌನ್ಸೆಲರ್" ಎಂಬ ಹುದ್ದೆ ಕೊಟ್ಟರೆ ಹೊಸಬರನ್ನು ಕೈಹಿಡಿದು ನಡೆಸಲು ಅವರೂ ತಯಾರು.

ಜಿಲ್ಲಾಡಳಿತದಲ್ಲಿ ಸಭಾಂಗಣಗಳಿಗೆ ಬರವಿಲ್ಲ. ಎರಡನೇ ಶನಿವಾರ ಹೇಗೂ ಕಚೇರಿಗಳಿಗೆ ರಜೆ, ಕೋಣೆಗಳು ಬೀಗ ಹಾಕಿಕೊಂಡು ಖಾಲಿ ಬಿದ್ದಿರುತ್ತವೆ. ಒಂದು ಬೀಗದ ಕೈ ಕೊಟ್ಟರೆ ಸಾಕು.

ಬರುವ ಎರಡನೇ ಶನಿವಾರ ಆ ಹನ್ನೊಂದು ಜನ ಎಲ್ಲಿ ಕೂತರು ಎಂಬುದನ್ನು ಇದೇ ಅಂಕಣದಲ್ಲಿ ಬರೆಯುತ್ತೇನೆ. ಚಹಾದ ಖರ್ಚು ತನ್ನದೆಂದು ಕಿರಾಣಿ ಅಂಗಡಿಯ ಸಾವ್ಕಾರರು ಆಗಲೇ ಹೇಳಿಯಾಗಿದೆ. ಬೀಗದ ಕೈ ಇಟ್ಟುಕೊಂಡವರು ಏನೆನ್ನುತ್ತಾರೋ ನೋಡೋಣ.