ಮರೆವಿನ ಕಾಯಿಲೆ: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆರೈಕೆದಾರರಿಗೆ ಆಸರೆ ಯಾರು?

ಬೆಂಗಳೂರು: ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದ ವೃದ್ಧೆಯ ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದೆ. ಬಿಲ್ ಪಾವತಿಯಾಗಿ ಡಿಸ್ಚಾರ್ಜ್ ಪತ್ರವೂ ಕೈಗೆ ಬಂದಿದೆ. ಆದರೆ ಮನೆಗೆ ಬಂದ ರಾತ್ರಿಯೇ ಅವರು ಮಗಳನ್ನು ಗುರುತಿಸುವುದಿಲ್ಲ. ‘ನನ್ನನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ಹಟ ಹಿಡಿಯುತ್ತಾರೆ. ಕಾಲಿಗೆ ಪೆಟ್ಟಾಗಿರುವುದನ್ನೇ ಮರೆತು ಹಾಸಿಗೆಯಿಂದ ಏಳಲು ಹೊರಡುತ್ತಾರೆ. ಡಿಸ್ಚಾರ್ಜ್ ಪತ್ರದಲ್ಲಿ ಮಾತ್ರೆಗಳ ಪಟ್ಟಿ ಇದೆ. ಈ ರಾತ್ರಿಯನ್ನು ಕಳೆಯುವುದು ಹೇಗೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಹಿರಿಯರನ್ನು ನೋಡಿಕೊಳ್ಳುವ ಕುಟುಂಬಗಳಿಗೆ ಇಂತಹ ಅನುಭವ ಹೊಸದೇನಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆ. ಇವರಲ್ಲಿ ಬಹುತೇಕರ ಆರೈಕೆ ನಡೆಯುವುದು ಮನೆಯಲ್ಲೇ. ಆ ಹೊಣೆ ಸಾಮಾನ್ಯವಾಗಿ ಪತ್ನಿ, ಮಗಳು ಅಥವಾ ಸೊಸೆಯ ಹೆಗಲ ಮೇಲಿರುತ್ತದೆ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯ ನೆರಳಿನಲ್ಲಿ ಎಷ್ಟೋ ಮನೆಗಳಲ್ಲಿ ಕಾಯಿಲೆ ಪತ್ತೆಯಾಗುವುದೇ ತಡವಾಗುತ್ತದೆ. ಹೀಗಾಗಿ ಬೇರೊಂದು ತೊಂದರೆಗೆ ಆಸ್ಪತ್ರೆ ಸೇರಿದಾಗ ರೋಗಿಯ ಕಡತದಲ್ಲಿ ಮರೆವಿನ ಉಲ್ಲೇಖವೇ ಇರದಿರಬಹುದು.

ಜಾಗ ಬದಲಾದರೆ ಏಕೆ ಕಷ್ಟ?

ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾಗದ ವ್ಯಕ್ತಿ ದಿನ ಸಾಗಿಸುವುದು ರೂಢಿಯ ಬಲದಿಂದ. ಬಚ್ಚಲುಮನೆ ಯಾವ ಕಡೆ, ಲೋಟ ಇಡುವುದು ಎಲ್ಲಿ, ಬೆಳಗಿನ ಕಾಫಿ ತರುವವರು ಯಾರು ಎಂಬ ಪರಿಚಿತ ಸಂಗತಿಗಳೇ ಅವರಿಗೆ ಆಧಾರ. ಆಸ್ಪತ್ರೆಯ ವಾರ್ಡಿನಲ್ಲಿ ಇವೆಲ್ಲ ಒಮ್ಮೆಲೇ ಇಲ್ಲವಾಗುತ್ತವೆ. ರಾತ್ರಿಯಿಡೀ ಉರಿಯುವ ದೀಪ, ಪಾಳಿಗೊಮ್ಮೆ ಬದಲಾಗುವ ಮುಖಗಳು, ತೆಗೆದಿಟ್ಟ ಕನ್ನಡಕ ಮತ್ತು ಶ್ರವಣ ಸಾಧನ ಗೊಂದಲವನ್ನು ಹೆಚ್ಚಿಸುತ್ತವೆ.

ಆದರೆ ಎಲ್ಲ ಗೊಂದಲವೂ ಮರೆವಿನ ಕಾಯಿಲೆಯದ್ದಲ್ಲ. ಕೆಲವೇ ಗಂಟೆ ಅಥವಾ ದಿನಗಳಲ್ಲಿ ವರ್ತನೆ ದಿಢೀರನೆ ಬದಲಾದರೆ, ಅತಿಯಾದ ಮಂಪರು ಅಥವಾ ಚಡಪಡಿಕೆ ಕಂಡುಬಂದರೆ ಅದು ‘ಡೆಲಿರಿಯಂ’ ಎಂಬ ಸನ್ನಿಯ ಸ್ಥಿತಿಯಾಗಿರಬಹುದು. ಮೂತ್ರದ ಸೋಂಕು, ನಿರ್ಜಲೀಕರಣ, ಮಲಬದ್ಧತೆ, ನೋವು ಅಥವಾ ಹೊಸ ಔಷಧಿ ಇದಕ್ಕೆ ಕಾರಣವಾಗಬಲ್ಲವು. ಕಾರಣ ಪತ್ತೆ ಹಚ್ಚಿ ಚಿಕಿತ್ಸೆ ನೀಡಿದರೆ ಇದು ಇಳಿಯುವ ಸಾಧ್ಯತೆ ಇರುವುದರಿಂದ, ಕಾಯಿಲೆ ಉಲ್ಬಣಿಸಿತೆಂದು ಕೈಚೆಲ್ಲದೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಈ ವ್ಯತ್ಯಾಸವನ್ನು ಮೊದಲು ಗುರುತಿಸಬಲ್ಲವರು ದಿನವೂ ಜೊತೆಗಿರುವ ಮನೆಯವರೇ. ‘ಅಮ್ಮ ಹೋದ ವಾರ ಹೀಗಿರಲಿಲ್ಲ’ ಎಂಬ ಮಾತು ವೈದ್ಯರ ಪಾಲಿಗೆ ಮಹತ್ವದ ಮಾಹಿತಿ.

ಬಿಡುಗಡೆಗೆ ಮುನ್ನ

ಮನೆಗೆ ಕಳುಹಿಸುವ ಸಿದ್ಧತೆ ಬಿಲ್ ಕೌಂಟರಿನ ಮುಂದೆ ಆರಂಭವಾಗಬಾರದು. ಹಾಸಿಗೆಯಿಂದ ಎಬ್ಬಿಸುವುದು, ಶೌಚಕ್ಕೆ ಕರೆದೊಯ್ಯುವುದು, ಗಂಟಲಿಗೆ ಸಿಕ್ಕದಂತೆ ಊಟ ಮಾಡಿಸುವುದು ಹೇಗೆ ಎಂಬುದನ್ನು ದಾದಿಯರ ಎದುರಿನಲ್ಲಿಯೇ ಒಂದೆರಡು ಬಾರಿ ಮಾಡಿ ಕಲಿಯುವ ಅವಕಾಶವನ್ನು ಆರೈಕೆದಾರರು ಕೇಳಿ ಪಡೆಯಬೇಕು. ಹಳೆಯ ಮಾತ್ರೆಗಳಲ್ಲಿ ಯಾವುದು ನಿಂತಿದೆ, ಹೊಸದು ಯಾವುದು, ನಿದ್ರೆಗೆಂದು ಕೊಟ್ಟ ಮಾತ್ರೆ ಎಷ್ಟು ದಿನ ಎಂಬುದನ್ನು ಬರೆಸಿಕೊಳ್ಳಬೇಕು. ಕೆಲವು ನಿದ್ರೆಮಾತ್ರೆಗಳು ಮರೆವಿನ ರೋಗಿಗಳಲ್ಲಿ ಗೊಂದಲವನ್ನೂ ಬೀಳುವ ಅಪಾಯವನ್ನೂ ಹೆಚ್ಚಿಸುತ್ತವೆ. ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು ಎಂಬ ಒಂದು ದೂರವಾಣಿ ಸಂಖ್ಯೆ ಕೈಯಲ್ಲಿರಲೇಬೇಕು.

ಸರದಿಯ ಮನೆಗಳು

ಆಸ್ಪತ್ರೆಯ ಮಾತು ಹಾಗಿರಲಿ, ನಮ್ಮ ಅನೇಕ ಕುಟುಂಬಗಳಲ್ಲಿ ತಂದೆ ತಾಯಿ ಮೂರು ತಿಂಗಳು ಹಿರಿಯ ಮಗನ ಮನೆಯಲ್ಲಿ, ಮೂರು ತಿಂಗಳು ಕಿರಿಯನ ಮನೆಯಲ್ಲಿ ಇರುವ ಏರ್ಪಾಡು ಇದೆ. ಮಕ್ಕಳ ದೃಷ್ಟಿಯಲ್ಲಿ ಇದು ನ್ಯಾಯ. ಮರೆವಿನ ರೋಗಿಗಾದರೋ ಪ್ರತಿ ಸರದಿಯೂ ಹೊಸ ಊರು, ಹೊಸ ಬಾಗಿಲು. ಸಾಧ್ಯವಾದರೆ ಹಿರಿಯರನ್ನು ಒಂದೇ ಮನೆಯಲ್ಲಿರಿಸಿ, ಆರೈಕೆ ಮಾಡುವವರು ಸರದಿಯ ಮೇಲೆ ಬಂದುಹೋಗುವುದು ಮೇಲು. ಕರೆದೊಯ್ಯಲೇಬೇಕಾದರೆ ಅವರದೇ ಹೊದಿಕೆ, ದೇವರ ಪಟ, ನಿತ್ಯದ ತಟ್ಟೆ ಲೋಟಗಳೂ ಜೊತೆಗೆ ಹೋಗಲಿ.

ಹಗಲಿರುಳು ನಿಗಾ ಬೇಕಾದ ಹಂತದಲ್ಲಿ ಆರೈಕೆ ಕೇಂದ್ರಕ್ಕೆ ಸೇರಿಸುವ ಪ್ರಶ್ನೆ ಏಳುತ್ತದೆ. ನಾಲ್ಕು ಜನ ಏನೆಂದಾರು ಎಂಬ ಅಳುಕು, ಹೆತ್ತವರನ್ನು ಕೈಬಿಟ್ಟೆವೆಂಬ ಕೊರಗು ಆಗ ಸಹಜ. ಆದರೆ ಸೇರಿಸಿದ ಮಾತ್ರಕ್ಕೆ ಮನೆಯವರ ಪಾತ್ರ ಮುಗಿಯುವುದಿಲ್ಲ. ರೋಗಿಯ ಇಷ್ಟಾನಿಷ್ಟಗಳನ್ನು ಸಿಬ್ಬಂದಿಗೆ ತಿಳಿಸಬಲ್ಲವರು ಅವರೊಬ್ಬರೇ.

ಒಂದು ನೋಟ್‌ಬುಕ್

ಈ ಎಲ್ಲ ಸಂದರ್ಭಗಳಲ್ಲೂ ನೆರವಾಗುವ ಸರಳ ಸಾಧನವೆಂದರೆ ಒಂದು ನೋಟ್‌ಬುಕ್. ಕರೆದರೆ ಓಗೊಡುವ ಹೆಸರು, ಆಡುವ ಭಾಷೆ, ಔಷಧಿ ಮತ್ತು ಅಲರ್ಜಿ, ಯಾವುದಕ್ಕೆ ಹೆದರುತ್ತಾರೆ, ಯಾವುದರಿಂದ ಸಮಾಧಾನಗೊಳ್ಳುತ್ತಾರೆ, ನೋವನ್ನು ಹೇಗೆ ತೋರ್ಪಡಿಸುತ್ತಾರೆ ಎಂಬುದನ್ನು ಅದರಲ್ಲಿ ಬರೆದಿಡಬೇಕು. ಆರೈಕೆ ಮಾಡುವಾಕೆಯೇ ಜ್ವರದಿಂದ ಮಲಗಿದರೆ ಇದಾವುದೂ ಮತ್ತೊಬ್ಬರಿಗೆ ತಿಳಿದಿರುವುದಿಲ್ಲ ಎಂಬುದೇ ಅನೇಕ ಮನೆಗಳ ವಾಸ್ತವ.

ನೆರವು ಎಲ್ಲಿ?

ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ರೋಗಿಗಳ ಆರೈಕೆಯಲ್ಲಿ ತೊಡಗಿದೆ. 1992ರಲ್ಲಿ ಕೇರಳದಲ್ಲಿ ಸ್ಥಾಪನೆಯಾದ ಅಲ್ಜೈಮರ್ಸ್ ಸಂಘಟನೆಯ ಶಾಖೆಯೂ ನಗರದಲ್ಲಿದೆ. ಹಿರಿಯ ನಾಗರಿಕರಿಗೆ ಸಂಬಂಧಿಸಿದ ಮಾಹಿತಿಗೆ 14567 ಸಹಾಯವಾಣಿಯನ್ನು ಸಂಪರ್ಕಿಸಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ (14416) ರೋಗಿಗಳಿಗಷ್ಟೇ ಅಲ್ಲ, ಬಳಲಿದ ಆರೈಕೆದಾರರಿಗೂ ದಿನದ 24 ಗಂಟೆ ಲಭ್ಯ.

ನೆಂಟರು, ನೆರೆಹೊರೆಯವರು ಮಾಡಬಹುದಾದದ್ದೂ ಇದೆ. ಆಸ್ಪತ್ರೆಯಿಂದ ಮರಳಿದ ಮನೆಗೆ ಹಣ್ಣು ಹಿಡಿದು ಹೋಗಿ ರೋಗಿಯನ್ನು ‘ನಾನು ಯಾರು ಹೇಳಿ’ ಎಂದು ಪರೀಕ್ಷಿಸುವ ಬದಲು, ಎರಡು ಗಂಟೆ ಪಕ್ಕದಲ್ಲಿ ಕುಳಿತು ಆರೈಕೆ ಮಾಡುವವರಿಗೆ ನಿದ್ರಿಸಲು ಬಿಟ್ಟರೆ ಅದೇ ದೊಡ್ಡ ಉಪಕಾರ.